ಶತ್ರುವಿನ ಮಗುವಿಗೂ ಒಂದು ಲೋಟ ಕೋಕೋ

1938ರ ಡಿಸೆಂಬರ್. ನಾತ್ಸಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಪೊದ ಬರ್ಲಿನ್ ಕಚೇರಿಯ ಒಂದು ಕೋಣೆಯಲ್ಲಿ ಅಮೆರಿಕದಿಂದ ಬಂದ ಮೂವರು ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರು. ಅವರಲ್ಲಿ ಹಿರಿಯರಾದ ರೂಫಸ್ ಜೋನ್ಸ್ ಅವರಿಗೆ ಆಗ 75 ವರ್ಷ. ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. 1926ರಲ್ಲಿ ಸಾಬರಮತಿಗೆ ಬಂದು ಗಾಂಧೀಜಿಯನ್ನು ಕಂಡು ಹೋದವರು. ಜೊತೆಗಿದ್ದ ರಾಬರ್ಟ್ ಯಾರ್ನಲ್ ಕಾರ್ಖಾನೆ ನಡೆಸುತ್ತಿದ್ದರು, ಜಾರ್ಜ್ ವಾಲ್ಟನ್ ಶಾಲೆಯೊಂದರ ಮುಖ್ಯಸ್ಥರು. ಮೂವರೂ ಕ್ವೇಕರ್ ಪಂಥದವರು. ತಿಂಗಳ ಹಿಂದಷ್ಟೇ, ನವೆಂಬರ್ 9 ಮತ್ತು 10ರಂದು, ಜರ್ಮನಿಯುದ್ದಕ್ಕೂ ಯಹೂದಿಗಳ ಅಂಗಡಿಗಳ ಗಾಜು ಒಡೆದು, ಸಿನಗಾಗ್‌ಗಳಿಗೆ ಬೆಂಕಿ ಹಚ್ಚಲಾಗಿತ್ತು. ಆ ಯಹೂದಿಗಳಿಗೆ ಅನ್ನ ಹಾಕಲು, ದೇಶ ಬಿಡುವವರಿಗೆ ನೆರವಾಗಲು ಅನುಮತಿ ಕೊಡಿ ಎಂದು ಕೇಳಲು ಇವರು ಬಂದಿದ್ದರು.

ಅವರು ಕೊಟ್ಟ ಕಾಗದವನ್ನು ಇಬ್ಬರು ಅಧಿಕಾರಿಗಳು ಓದಿದರು. ಮೇಲಧಿಕಾರಿ ಹೈಡ್ರಿಕ್‌ನನ್ನು ಕೇಳಿ ಬರುತ್ತೇವೆಂದು ಹೇಳಿ ಹೊರಗೆ ಹೋದರು. ಹಾಗೆ ಕಾಯುವ ಹೊತ್ತಿನಲ್ಲಿ ಈ ಮೂವರು ತಮ್ಮತಮ್ಮಲ್ಲಿ ಮಾತಾಡಲಿಲ್ಲ, ಪಿಸುಗುಟ್ಟಲೂ ಇಲ್ಲ. ತಮ್ಮ ಪಂಥದ ರೂಢಿಯಂತೆ ಮೌನ ಪ್ರಾರ್ಥನೆಗೆ ಕೂತರು. ಗೆಸ್ಟಪೊ ಕಚೇರಿಯೊಳಗೆ ಪ್ರಾರ್ಥನಾ ಸಭೆ! ಅಲ್ಲಿ ಕದ್ದಾಲಿಸುವ ಏರ್ಪಾಡು ಇದ್ದಿರಬಹುದು, ಸುಮ್ಮನಿದ್ದದ್ದೇ ಒಳ್ಳೆಯದಾಯಿತು ಎಂಬರ್ಥದ ಮಾತನ್ನು ಜೋನ್ಸ್ ಮುಂದೆ ಬರೆದರು.

ಆ ಕಾಗದದಲ್ಲಿ ಏನಿತ್ತು ಎಂಬುದು ನನಗೆ ಮೌನಕ್ಕಿಂತ ಹೆಚ್ಚು ಕುತೂಹಲದ ವಿಷಯ. ಅದರಲ್ಲಿ ಬೈಬಲ್ಲಿನ ವಾಕ್ಯಗಳ ಸುರಿಮಳೆ ಇರಲಿಲ್ಲ, ಧರ್ಮೋಪದೇಶವೂ ಇರಲಿಲ್ಲ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ನಿಮ್ಮ ದೇಶದ ಮಕ್ಕಳು ಹಸಿದಿದ್ದರು, ನಾವು ಬಂದು ಊಟ ಹಾಕಿದೆವು, ಆಗಲೂ ಯಾರ ಪಕ್ಷ ಎಂದು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ ಎಂಬುದು ಅದರ ತಿರುಳು. ಎಂದರೆ ಹದಿನೆಂಟು ವರ್ಷ ಹಿಂದಿನ ಒಂದು ಊಟದ ಲೆಕ್ಕವನ್ನು ಹಿಡಿದುಕೊಂಡು ಅವರು ಯುರೋಪಿನ ಅತಿ ಕ್ರೂರ ಕಚೇರಿಯ ಬಾಗಿಲು ತಟ್ಟಿದ್ದರು.

ಯುದ್ಧ ಶುರುವಾದಾಗ ಎಲ್ಲ ಊರುಗಳಲ್ಲೂ ಪ್ರಾರ್ಥನೆ ನಡೆಯುತ್ತದೆ. ದೇವಸ್ಥಾನದಲ್ಲಿ ಹೋಮ, ಮಸೀದಿಯಲ್ಲಿ ದುವಾ, ಚರ್ಚಿನಲ್ಲಿ ಮೇಣದಬತ್ತಿ. ಈಗೀಗ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಬಿಳಿ ಪಾರಿವಾಳ. ಹೆಚ್ಚಿನ ಪ್ರಾರ್ಥನೆಗಳು ‘ನಮ್ಮವರು’ ಗೆಲ್ಲಲಿ ಎಂದೇ ಕೇಳುತ್ತವೆ. ಶಾಂತಿಯ ಹೆಸರಿನವೂ ಅನೇಕ ಸಲ ಒಳಗೊಳಗೆ ಅದನ್ನೇ ಕೇಳುತ್ತಿರುತ್ತವೆ. ಪ್ರಾರ್ಥನೆಯ ಜೊತೆಗೆ ಕೆಲಸವೂ ಇರಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೆಲಸದ ಜೊತೆಗೆ ಪ್ರಾರ್ಥನೆ ಏಕೆ ಬೇಕು? ನೋವಿಗೆ ಮುಲಾಮು ಹಚ್ಚುವವನಿಗೆ, ಗಂಜಿ ಬಡಿಸುವವನಿಗೆ ಅದರಿಂದ ಏನಾಗಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಕ್ವೇಕರರ ಸುಮಾರು ನೂರು ವರ್ಷಗಳ ಕಡತಗಳು ಒಳ್ಳೆಯ ಜಾಗ. ಪಂಥ ಚಿಕ್ಕದು, ಬರೆದಿಡುವ ಚಟ ದೊಡ್ಡದು.

17ನೇ ಶತಮಾನದ ಇಂಗ್ಲೆಂಡಿನ ಒಳಯುದ್ಧದ ಕಾಲದಲ್ಲಿ ಜಾರ್ಜ್ ಫಾಕ್ಸ್ ಎಂಬಾತ ಕಟ್ಟಿದ ಪಂಥ ಇದು. ಪ್ರತಿಯೊಬ್ಬರೊಳಗೂ ದೇವರ ಬೆಳಕಿದೆ, ಅದನ್ನು ಕಾಣಲು ನಡುವೆ ಪುರೋಹಿತ ಬೇಕಿಲ್ಲ ಎಂಬುದು ಅವನ ಮಾತು. ಪ್ರತಿಯೊಬ್ಬರೊಳಗೂ ಎಂದ ಮೇಲೆ ಎದುರು ಪಾಳೆಯದವನೊಳಗೂ ಇರಲೇಬೇಕಲ್ಲ? ಹಾಗಾಗಿ ಕತ್ತಿ ಹಿಡಿಯುವುದಿಲ್ಲ ಎಂದು ಎರಡನೇ ಚಾರ್ಲ್ಸ್ ದೊರೆಗೆ ಬರೆದುಕೊಟ್ಟರು. ಇಂಗ್ಲೆಂಡಿನ ಕ್ವೇಕರರು ಪ್ರಾರ್ಥನೆ ಮಾಡುವ ಮನೆಗೆ ಹೋದರೆ ಶಿಲುಬೆ, ಪೀಠ, ವಾದ್ಯ ಯಾವುದೂ ಕಾಣುವುದಿಲ್ಲ. ನಾಲ್ಕು ಕಡೆ ಬೆಂಚು, ನಡುವೆ ಹೆಚ್ಚೆಂದರೆ ಒಂದು ಮೇಜು. ಜನ ಬಂದು ಕೂರುತ್ತಾರೆ, ಮೌನವಾಗಿರುತ್ತಾರೆ. ಒಳಗಿನಿಂದ ಒತ್ತಾಯ ಬಂದವರು ಎದ್ದು ನಾಲ್ಕು ಮಾತು ಹೇಳಿ ಕೂರುತ್ತಾರೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಸುಮಾರು ಒಂದು ಗಂಟೆಯಾದ ಮೇಲೆ ಇಬ್ಬರು ಹಿರಿಯರು ಕೈಕುಲುಕುತ್ತಾರೆ. ಸಭೆ ಮುಗಿಯಿತು.

ಇಷ್ಟು ಓದುತ್ತಲೇ ಕನ್ನಡಿಗರಿಗೆ ಅನುಭವ ಮಂಟಪ, ಕಾಯಕ, ದಾಸೋಹ ನೆನಪಾಗುವುದು ಸಹಜ. ಹೋಲಿಕೆಯನ್ನು ಅಲ್ಲಿಗೇ ಬಿಡುತ್ತೇನೆ, ಏಕೆಂದರೆ ಇವರ ನಿಜವಾದ ವಿಶೇಷ ಇರುವುದು ದರ್ಶನದಲ್ಲಿ ಅಲ್ಲ, ಕಚೇರಿ ಕೆಲಸದಲ್ಲಿ. ಪಂಥದ ಸದಸ್ಯನೊಬ್ಬನಿಗೆ ಒಂದು ವಿಷಯ ಮನಸ್ಸಿಗೆ ಹತ್ತಿಕೊಂಡಿತು ಎನ್ನಿ. ಗಡಿಯಾಚೆ ಜನ ಹಸಿದಿದ್ದಾರೆ, ನಾನು ಹೋಗಬೇಕು ಅನ್ನಿಸುತ್ತಿದೆ. ಅವನು ಅದನ್ನು ತನ್ನ ಸಭೆಯ ಮುಂದೆ ಇಡಬೇಕು. ಸಭೆ ಮೌನದಲ್ಲಿ ಅದನ್ನು ತೂಗುತ್ತದೆ: ಇದು ನಿಜವಾದ ಕರೆಯೋ, ಇವನ ಹೆಚ್ಚುಗಾರಿಕೆಯೋ? ಹೋದರೆ ಮನೆಯವರ ಗತಿ ಏನು? ಹಣ ಎಲ್ಲಿಂದ? ಮತ ಹಾಕುವ ಪದ್ಧತಿ ಇಲ್ಲ. ಗುಮಾಸ್ತ ಎನ್ನಿಸಿಕೊಳ್ಳುವ ಒಬ್ಬರು, ಸಭೆಯ ಮನಸ್ಸು ಎತ್ತ ಇದೆ ಎಂದು ಗ್ರಹಿಸಿ, ಅಲ್ಲೇ ಕೂತು ನಡಾವಳಿ ಬರೆದು ಓದಿ ಹೇಳುತ್ತಾರೆ. ಎಲ್ಲರೂ ಸರಿ ಎಂದರೆ ಅದೇ ತೀರ್ಮಾನ. ಯಾರಾದರೂ ಗಟ್ಟಿಯಾಗಿ ಬೇಡವೆಂದರೆ ಮತ್ತೆ ಮೌನ, ಇಲ್ಲವೇ ಮುಂದಿನ ಸಭೆಗೆ.

ಬಹಳ ನಿಧಾನದ ಪದ್ಧತಿ ಇದು. ಹೊರಗಿನಿಂದ ನೋಡುವವರಿಗೆ ತಾಳ್ಮೆ ಕೆಡುವಷ್ಟು. ಆದರೆ ಪ್ರಾರ್ಥನೆಯ ಕೊನೆಯಲ್ಲಿ ನಡಾವಳಿ ಪುಸ್ತಕ ತೆರೆದಿರುತ್ತದೆ ಎಂಬುದೇ ದೊಡ್ಡ ವ್ಯತ್ಯಾಸ. ‘ಲೋಕಕ್ಕೆ ಒಳ್ಳೆಯದಾಗಲಿ’ ಎಂದು ನಡಾವಳಿಯಲ್ಲಿ ಬರೆಯಲು ಬರುವುದಿಲ್ಲ. ಯಾರು, ಎಲ್ಲಿಗೆ, ಯಾವಾಗ, ಎಷ್ಟು ದುಡ್ಡಿನಲ್ಲಿ ಎಂದು ಬರೆಯಬೇಕಾಗುತ್ತದೆ.

1854ರ ಆರಂಭ. ರಷ್ಯಾ ಮತ್ತು ಬ್ರಿಟನ್ ನಡುವೆ ಕ್ರಿಮಿಯಾ ಯುದ್ಧದ ಮೋಡ. ಬರ್ಮಿಂಗ್‌ಹ್ಯಾಮಿನ ಧಾನ್ಯದ ವ್ಯಾಪಾರಿ ಜೋಸೆಫ್ ಸ್ಟರ್ಜ್ ಮತ್ತು ಇನ್ನಿಬ್ಬರು ಕ್ವೇಕರರು ಚಳಿಗಾಲದ ಹಿಮದಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಸಾಮ್ರಾಟ ಮೊದಲನೇ ನಿಕೊಲಾಸ್‌ನನ್ನು ಕಂಡರು, ಯುದ್ಧ ಬೇಡ ಎಂದು ಬಿನ್ನಹ ಮಾಡಿಕೊಂಡರು. ಆತ ಆದರದಿಂದ ಮಾತಾಡಿಸಿ ಕಳಿಸಿದ. ಲಂಡನ್ನಿನ ಪತ್ರಿಕೆಗಳು ಇವರನ್ನು ಗೇಲಿ ಮಾಡಿದವು. ಮಾರ್ಚ್ ತಿಂಗಳಲ್ಲಿ ಬ್ರಿಟನ್ ಯುದ್ಧ ಸಾರಿಯೇಬಿಟ್ಟಿತು. ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಭೋಳೆ ಮನುಷ್ಯರ ವಿಫಲ ಯಾತ್ರೆಯಾಗಿ ಉಳಿಯುತ್ತಿತ್ತು.

ಅದೇ ವರ್ಷ ಬ್ರಿಟಿಷ್ ನೌಕಾಪಡೆ ಬಾಲ್ಟಿಕ್ ಸಮುದ್ರಕ್ಕೆ ನುಗ್ಗಿ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಫಿನ್ಲೆಂಡಿನ ಕರಾವಳಿಯ ಪಟ್ಟಣಗಳಲ್ಲಿ ದಾಸ್ತಾನಿದ್ದ ಡಾಂಬರು, ಮರಮುಟ್ಟುಗಳಿಗೆ ಬೆಂಕಿ ಇಟ್ಟಿತು. ಅದು ಸೈನ್ಯದ ಸರಕಾಗಿರಲಿಲ್ಲ. ಬೆಸ್ತರ, ಹಡಗು ಕಟ್ಟುವವರ, ಸಣ್ಣ ವ್ಯಾಪಾರಿಗಳ ಬದುಕು. ಯುದ್ಧ ಮುಗಿದ 1856ರಲ್ಲಿ ಸ್ಟರ್ಜ್ ತಮ್ಮ ಗೆಳೆಯ ಥಾಮಸ್ ಹಾರ್ವೆ ಜೊತೆ ಆ ಪಟ್ಟಣಗಳಿಗೆ ಹೋದರು. ಸುಟ್ಟ ಜಾಗಗಳನ್ನು ನೋಡಿದರು, ಯಾರಿಗೆ ಎಷ್ಟು ನಷ್ಟ ಎಂದು ಬರೆದುಕೊಂಡರು, ಊರಿಗೆ ಮರಳಿ ಹಣ ಕೂಡಿಸಿ ಆಹಾರ, ಬಟ್ಟೆ, ಬಿತ್ತನೆ ಬೀಜ ಕಳಿಸಿದರು. ತಮ್ಮದೇ ದೇಶದ ನೌಕಾಪಡೆ ಸುಟ್ಟಿದ್ದಕ್ಕೆ ತಮ್ಮ ಕೈಯಿಂದ ಪರಿಹಾರ! ಗೆದ್ದ ದೇಶದ ಪ್ರಜೆ ಹೀಗೆ ಮಾಡಿದರೆ ಅವನ ಸರ್ಕಾರಕ್ಕೆ ಇರಿಸುಮುರಿಸಾಗದೆ ಇರುತ್ತದೆಯೇ? ಇದನ್ನು ದಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಪ್ಪೊಪ್ಪಿಗೆ ಎನ್ನುವುದು ಹೆಚ್ಚು ಸರಿ.

1870ರ ಫ್ರಾನ್ಸ್–ಪ್ರಷ್ಯಾ ಯುದ್ಧದ ಹೊತ್ತಿಗೆ ಇದಕ್ಕೊಂದು ಸಮಿತಿ, ಒಂದು ಗುರುತು ಬಂದವು: ಕೆಂಪು ಮತ್ತು ಕಪ್ಪು ಬಣ್ಣದ ಎಂಟು ಮೊನೆಯ ನಕ್ಷತ್ರ. ಮುಂದಿನ ಯುದ್ಧಗಳಲ್ಲೆಲ್ಲ ಲಾರಿಗಳ ಮೇಲೆ, ಹಿಟ್ಟಿನ ಚೀಲಗಳ ಮೇಲೆ, ತೋಳುಪಟ್ಟಿಗಳ ಮೇಲೆ ಅದೇ ನಕ್ಷತ್ರ ಕಾಣಿಸುತ್ತದೆ.

ನಿಜವಾದ ಪರೀಕ್ಷೆ ಬಂದದ್ದು 1914ರ ಆಗಸ್ಟ್‌ನಲ್ಲಿ. ಬ್ರಿಟನ್ ಯುದ್ಧ ಸಾರಿದ ಕೆಲವೇ ದಿನಗಳಲ್ಲಿ ಲಂಡನ್ನಿನ ಕ್ವೇಕರರು ಒಂದು ಸಮಿತಿ ರಚಿಸಿದರು. ಬ್ರಿಟನ್ನಿನಲ್ಲಿ ನೆಲೆಸಿದ್ದ ಜರ್ಮನ್, ಆಸ್ಟ್ರಿಯನ್, ಹಂಗೇರಿಯನ್ ಪ್ರಜೆಗಳಿಗೆ ನೆರವು ನೀಡುವುದು ಅದರ ಕೆಲಸ. ನಿನ್ನೆಯವರೆಗೆ ಬೀದಿಯ ತುದಿಯಲ್ಲಿ ಬ್ರೆಡ್ ಮಾರುತ್ತಿದ್ದವ, ಕ್ಷೌರ ಮಾಡುತ್ತಿದ್ದವ, ಹೋಟೆಲಿನಲ್ಲಿ ಬಡಿಸುತ್ತಿದ್ದವ ರಾತ್ರೋರಾತ್ರಿ ‘ಶತ್ರುದೇಶದ ಪ್ರಜೆ’ಯಾಗಿದ್ದ. ಅವನನ್ನು ಹಿಡಿದು ಶಿಬಿರಕ್ಕೆ ದೂಡಿದರೆ, ಅವನ ಇಂಗ್ಲಿಷ್ ಹೆಂಡತಿ ಮಕ್ಕಳಿಗೆ ಬಾಡಿಗೆ ಕಟ್ಟುವವರಿಲ್ಲ. ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರವೊಂದರಲ್ಲೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮುಳ್ಳುತಂತಿಯೊಳಗೆ ವರ್ಷಗಟ್ಟಲೆ ಕೂತರು. ಅಲ್ಲಿಗೆ ಜೇಮ್ಸ್ ಬೈಲಿ ಎಂಬ ಕರಕುಶಲ ಶಿಕ್ಷಕರನ್ನು ಕಳಿಸಿದರು. ಬಡಗಿ ಕೆಲಸ, ಬುಟ್ಟಿ ಹೆಣೆಯುವುದು, ಪುಸ್ತಕ ಕಟ್ಟುವುದು. ಸುಮ್ಮನೆ ಕೂತವರಿಗೆ ಹುಚ್ಚು ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಶತ್ರುಗಳನ್ನು ಮುದ್ದು ಮಾಡುತ್ತಾರೆ ಎಂದು ಜನ ಬೈದರು.

ಅದೇ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1834ರಿಂದ ಮಂಗಳೂರಿನಲ್ಲಿ ನೆಲೆಯೂರಿದ್ದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಸಂಸ್ಥೆಯಾದರೂ ಅದರ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನರು. ಕಿಟೆಲ್ ಕೋಶದ ಕಿಟೆಲ್ ಕೂಡ ಆ ಬಳಗದವರೇ. ಯುದ್ಧ ಬಂದದ್ದೇ ತಡ, ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳಿಸಿಬಿಟ್ಟಿತು. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆ ಪಾದ್ರಿಗಳೂ, ಅವರನ್ನು ಬಂಧಿಸಿದವರೂ ಭಾನುವಾರ ಒಬ್ಬನೇ ದೇವರಿಗೆ ಪ್ರಾರ್ಥನೆ ಸಲ್ಲಿಸುತ್ತಿದ್ದವರು.

ಯುದ್ಧಭೂಮಿಗೆ ಹೋದ ಕ್ವೇಕರ್ ಹುಡುಗರ ಕಥೆ ಬೇರೆ. ಫಿಲಿಪ್ ಬೇಕರ್ ಎಂಬ ಯುವಕ, ಮುಂದೆ ನೋಯೆಲ್-ಬೇಕರ್ ಆಗಿ 1959ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು, ಆಂಬುಲೆನ್ಸ್ ತಂಡವೊಂದನ್ನು ಕಟ್ಟಿದರು. 43 ಮಂದಿಯ ಮೊದಲ ತುಕಡಿ 1914ರ ಅಕ್ಟೋಬರ್ 31ರಂದು ಹಡಗು ಹತ್ತಿತು. ಇಂಗ್ಲಿಷ್ ಕಾಲುವೆಯ ನಡುವೆ ಬ್ರಿಟಿಷ್ ಯುದ್ಧನೌಕೆ ಹರ್ಮಿಸ್ ಜಲಾಂತರ್ಗಾಮಿಯ ಹೊಡೆತಕ್ಕೆ ಮುಳುಗುತ್ತಿತ್ತು. ನೀರಿನಲ್ಲಿದ್ದವರನ್ನು ಎಳೆದುಕೊಳ್ಳುವುದೇ ಇವರ ಮೊದಲ ಕೆಲಸವಾಯಿತು. ಡಂಕರ್ಕ್ ರೈಲು ನಿಲ್ದಾಣದ ಗೂಡ್ಸ್ ಶೆಡ್‌ಗಳಲ್ಲಿ ಗಾಯಾಳುಗಳು ಹುಲ್ಲಿನ ಮೇಲೆ ಸಾಲುಸಾಲಾಗಿ ಬಿದ್ದಿದ್ದರು. ಗಾಯಗಳಿಗೆ ದಿನಗಟ್ಟಲೆ ಪಟ್ಟಿ ಬದಲಿಸಿರಲಿಲ್ಲ.

ಕೋರ್ಡರ್ ಕ್ಯಾಚ್‌ಪೂಲ್ ಎಂಬ ಎಂಜಿನಿಯರ್ ಆ ಶೆಡ್‌ಗಳಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರು. 1916ರಲ್ಲಿ ಬ್ರಿಟನ್ ಕಡ್ಡಾಯ ಸೈನ್ಯ ಭರ್ತಿಯ ಕಾನೂನು ತಂದಾಗ ಅವರ ಮನಸ್ಸು ಅಲುಗಾಡಿತು. ತಾನು ಗಾಯಾಳುವನ್ನು ಹೊತ್ತರೆ ಸೈನ್ಯದ ಒಬ್ಬ ಆಳು ಬಂದೂಕು ಹಿಡಿಯಲು ಬಿಡುವಾಗುತ್ತಾನೆ. ಗಾಯ ಮಾಯಿಸಿದರೆ ಆ ಸೈನಿಕ ಮತ್ತೆ ಕಂದಕಕ್ಕೇ ಹೋಗುತ್ತಾನೆ. ಹಾಗಾದರೆ ತನ್ನ ಕರುಣೆ ಯುದ್ಧದ ಯಂತ್ರಕ್ಕೆ ಎಣ್ಣೆ ಹಾಕುತ್ತಿದೆಯೇ? ಅವರು ತಂಡ ಬಿಟ್ಟು ಊರಿಗೆ ಬಂದರು, ಸೈನ್ಯದ ಆಜ್ಞೆ ಪಾಲಿಸಲು ಒಪ್ಪಲಿಲ್ಲ, ಸೇನಾ ನ್ಯಾಯಾಲಯದಲ್ಲಿ ನಿಂತರು, ಎರಡು ವರ್ಷಕ್ಕೂ ಮೀರಿ ಜೈಲಿನಲ್ಲಿ ಕಳೆದರು. ಅವರ ಗೆಳೆಯರಲ್ಲಿ ಅನೇಕರು ಆಂಬುಲೆನ್ಸ್ ಬಿಡಲಿಲ್ಲ. ರಕ್ತ ಸುರಿಯುವವನ ಪಕ್ಕದಲ್ಲಿ ನಿಂತು ತರ್ಕ ಮಾಡಲಾಗದು ಎಂದರು. ಒಂದೇ ಬೆಂಚಿನಲ್ಲಿ ಒಂದೇ ಮೌನದಲ್ಲಿ ಕೂತವರು ಎರಡು ದಾರಿ ಹಿಡಿದರು.

ಈ ಇಕ್ಕಟ್ಟು ನಮಗೆ ಹೊಸದಲ್ಲ. ಅದೇ 1914ರ ಆಗಸ್ಟ್‌ನಲ್ಲಿ ಲಂಡನ್ನಿಗೆ ಬಂದಿಳಿದ ಗಾಂಧೀಜಿ ಅಲ್ಲಿನ ಭಾರತೀಯರನ್ನು ಕೂಡಿಸಿ ಒಂದು ಆಂಬುಲೆನ್ಸ್ ದಳ ಕಟ್ಟಿದ್ದರು. ಬೋಯರ್ ಯುದ್ಧದಲ್ಲೂ ಸಾವಿರಕ್ಕೂ ಹೆಚ್ಚು ಭಾರತೀಯರ ಡೋಲಿ ದಳ ಅವರದಿತ್ತು. ಅಹಿಂಸೆಯವರಿಗೆ ಇದೇನು ಎಂದು ದಕ್ಷಿಣ ಆಫ್ರಿಕದ ಗೆಳೆಯರೇ ಪ್ರಶ್ನಿಸಿದರು. ಗಾಯಾಳುವನ್ನು ಹೊರುವವನಿಗೂ ಯುದ್ಧದ ಪಾಪದಲ್ಲಿ ಪಾಲಿದೆ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಯಾವ ಮುಲಾಜಿಲ್ಲದೆ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡೂ ತಾವು ಮಾಡಿದ್ದು ಆಗ ತಮ್ಮ ಕರ್ತವ್ಯವೇ ಆಗಿತ್ತು ಎನ್ನುತ್ತಾರೆ. ಕ್ಯಾಚ್‌ಪೂಲ್ ಸರಿಯೋ ಗಾಂಧೀಜಿ ಸರಿಯೋ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಈ ಪ್ರಶ್ನೆಯಿಂದ ಒಮ್ಮೆಯೂ ನಿದ್ದೆಗೆಡದ ಸೇವಾ ಸಂಸ್ಥೆಯ ಬಗ್ಗೆ ಮಾತ್ರ ನನಗೆ ಸ್ವಲ್ಪ ಅನುಮಾನ.

ಇನ್ನು ಆ ಊಟದ ಕಥೆ. 1918ರ ನವೆಂಬರ್ 11ರಂದು ಗುಂಡಿನ ಸದ್ದು ನಿಂತಿತು; ಆದರೆ ಮಿತ್ರರಾಷ್ಟ್ರಗಳು ಜರ್ಮನಿಯ ಸುತ್ತ ಹಾಕಿದ್ದ ನೌಕಾ ದಿಗ್ಬಂಧನ 1919ರ ಜುಲೈವರೆಗೆ ಪೂರ್ತಿ ತೆರವಾಗಲಿಲ್ಲ. ದಿಗ್ಬಂಧನ ತೆಗೆಯುತ್ತಿದ್ದಂತೆ ಜೇನ್ ಆ್ಯಡಮ್ಸ್, ವೈದ್ಯೆ ಆ್ಯಲಿಸ್ ಹ್ಯಾಮಿಲ್ಟನ್ ಮೊದಲಾದವರು ಕ್ವೇಕರರ ಪರವಾಗಿ ಜರ್ಮನಿಯ ನಗರಗಳನ್ನು ಸುತ್ತಿದರು. ಹಾಲಿಲ್ಲ, ಕೊಬ್ಬಿಲ್ಲ, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದ ಮಕ್ಕಳು, ಕ್ಷಯ, ಮೂಳೆ ಬಾಗುವ ಕಾಯಿಲೆ. ಅಮೆರಿಕದ ಪರಿಹಾರ ಆಡಳಿತದ ಮುಖ್ಯಸ್ಥರಾಗಿದ್ದ ಹರ್ಬರ್ಟ್ ಹೂವರ್, ಮುಂದೆ ಅಮೆರಿಕದ ಅಧ್ಯಕ್ಷರಾದವರು, ಹುಟ್ಟಿನಿಂದ ಕ್ವೇಕರರು. ಜರ್ಮನ್ ಮಕ್ಕಳಿಗೆ ಊಟ ಹಾಕುವ ಕೆಲಸ ವಹಿಸಿಕೊಳ್ಳಿ ಎಂದು ಅವರು ಫಿಲಡೆಲ್ಫಿಯಾದ ಕ್ವೇಕರ್ ಸೇವಾ ಸಮಿತಿಯನ್ನು ಕೇಳಿದರು. 1917ರ ಏಪ್ರಿಲ್‌ನಲ್ಲಿ, ಅಮೆರಿಕ ಯುದ್ಧಕ್ಕಿಳಿದ ತಿಂಗಳಲ್ಲೇ, ರೂಫಸ್ ಜೋನ್ಸ್ ಮುಂದಾಳತ್ವದಲ್ಲಿ ಹುಟ್ಟಿದ ಸಮಿತಿ ಅದು. ಅಮೆರಿಕದ ಬೀದಿಗಳಲ್ಲಿ ಆಗ ಜರ್ಮನ್ ಎಂಬ ಹೆಸರೇ ಬೈಗುಳವಾಗಿತ್ತು. ಈ ಕೆಲಸ ಜನಪ್ರಿಯವಾಗುವ ಸಂಭವವೇ ಇರಲಿಲ್ಲ.

1920ರ ಫೆಬ್ರುವರಿಯಲ್ಲಿ ಒಲೆ ಹೊತ್ತಿತು. ನಮ್ಮ ಶಾಲೆಗಳ ಬಿಸಿಯೂಟ ನೋಡಿದವರಿಗೆ ಅದರ ಕ್ರಮ ಥಟ್ಟನೆ ಅರ್ಥವಾಗುತ್ತದೆ. ಮೊದಲು ವೈದ್ಯರು ಶಾಲಾ ಮಕ್ಕಳ ಎತ್ತರ, ತೂಕ ನೋಡುತ್ತಾರೆ. ತೀರಾ ಬಡಕಲಾದವರಿಗೆ ಮೊದಲ ಸರದಿ. ಅಪ್ಪನ ಸಂಬಳ, ಪಕ್ಷ, ಧರ್ಮ ಲೆಕ್ಕಕ್ಕಿಲ್ಲ. ಆಯ್ಕೆಯಾದ ಮಗುವಿಗೆ ಒಂದು ಚೀಟಿ. ದಿನಕ್ಕೆ ಒಂದು ಹೊತ್ತಿನ ಬಿಸಿ ಆಹಾರ: ಒಂದು ದಿನ ಹಾಲು ಬೆರೆಸಿದ ಕೋಕೋ, ಇನ್ನೊಂದು ದಿನ ಹುರುಳಿಕಾಳಿನಂಥ ಬೀನ್ಸ್ ಸಾರು, ಮತ್ತೊಂದು ದಿನ ಅನ್ನ ಹಾಲಿನ ಗಂಜಿ, ಜೊತೆಗೆ ಬಿಳಿ ಬನ್ನು. ಮಗು ತನ್ನ ಪಾತ್ರೆ ಚಮಚ ತರಬೇಕು, ಅಲ್ಲೇ ಕೂತು ತಿನ್ನಬೇಕು. ಮನೆಗೆ ಒಯ್ಯುವಂತಿಲ್ಲ. ಮನೆಯಲ್ಲಿ ತಮ್ಮ ತಂಗಿ ಹಸಿದಿರುವಾಗ ಇದು ಕಟುಕರ ನಿಯಮ ಎನ್ನಿಸಬಹುದು. ಆದರೆ ಮನೆಗೆ ಹೋದ ಊಟ ಐದು ಪಾಲಾಗಿ, ವೈದ್ಯರು ಉಳಿಸಬೇಕೆಂದುಕೊಂಡ ಮಗುವಿಗೆ ಎರಡೇ ಚಮಚ ದಕ್ಕುತ್ತದೆ. ಬಸುರಿ ಬಾಣಂತಿಯರಿಗೂ ಊಟವಿತ್ತು. ಗೋದಾಮು, ಸಾಗಣೆ, ಅಡುಗೆಮನೆ ಜರ್ಮನ್ನರದೇ. ಬಡಿಸುವವರೂ ಹೆಚ್ಚಿನವರು ಅಲ್ಲಿನ ಶಿಕ್ಷಕಿಯರು, ಗೃಹಿಣಿಯರು. ಅಮೆರಿಕದಿಂದ ಬಂದವರು ಬೆರಳೆಣಿಕೆಯಷ್ಟು. 1921ರ ಬೇಸಿಗೆಯ ಹೊತ್ತಿಗೆ ದಿನಕ್ಕೆ ಹತ್ತು ಲಕ್ಷ ಮಕ್ಕಳು ಉಣ್ಣುತ್ತಿದ್ದರು.

ಪ್ರಾರ್ಥನೆ ಇಲ್ಲಿ ಎಲ್ಲಿತ್ತು? ಊಟದ ಮನೆಯಲ್ಲಿ ಇರಲಿಲ್ಲ. ಮಕ್ಕಳಿಗೆ ಧರ್ಮದ ಪಾಠ ಹೇಳಲಿಲ್ಲ, ಪಂಥಕ್ಕೆ ಸೇರಿಸಲಿಲ್ಲ. ಬಂದ ಕೆಲಸಗಾರರು ಮಾತ್ರ ತಮ್ಮೊಳಗೆ ಮೌನಕ್ಕೆ ಕೂರುತ್ತಿದ್ದರು. ನನ್ನ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಇದೆಯೆಂದು ತೋರುತ್ತದೆ. ಕರುಣೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ನಮ್ಮ ಕಡೆಯ ಮಗುವಿನ ಹತ್ತಿರವೇ ಹೋಗುತ್ತದೆ. ಆ ಮಗುವಿನ ಫೋಟೊ ನಮ್ಮ ಪತ್ರಿಕೆಯಲ್ಲಿ ಬಂದಿರುತ್ತದೆ, ಅದರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತದೆ. ತನ್ನ ಅಣ್ಣನನ್ನು ಕೊಂದ ದೇಶದ ಮಗುವಿಗೆ ಅದೇ ಅಳತೆಯ ಸೌಟು ಎತ್ತಬೇಕಾದರೆ ಪ್ರತಿ ಬೆಳಿಗ್ಗೆ ಮನಸ್ಸನ್ನು ಎಲ್ಲಿಂದಲೋ ಹಿಡಿದು ತರಬೇಕಾಗುತ್ತದೆ. ಕ್ವೇಕರರು ಅದನ್ನು ಆ ಬೆಂಚಿನಿಂದ ತರುತ್ತಿದ್ದರು. ದೇವರನ್ನು ನಂಬದವರು ಬೇರೆ ಕಡೆಯಿಂದ ತಂದಾರು, ತಂದವರನ್ನು ಕಂಡಿದ್ದೇವೆ. ಎಲ್ಲಿಂದಲಾದರೂ ತರಲೇಬೇಕು ಎಂಬುದಷ್ಟೇ ನನ್ನ ವಾದ.

ಮತ್ತೆ 1938ರ ಬರ್ಲಿನ್ನಿನ ಆ ಕೋಣೆಗೆ ಬರೋಣ. ಗೆಸ್ಟಪೊ ಅಧಿಕಾರಿಗಳು ಅರ್ಧ ಗಂಟೆಯ ಆಸುಪಾಸಿನಲ್ಲಿ ವಾಪಸ್ ಬಂದು, ನೀವು ಕೇಳಿದ್ದೆಲ್ಲ ಮಂಜೂರಾಗಿದೆ ಎಂದರು. ಜೋನ್ಸ್ ಅದನ್ನು ನಂಬಿದರು. ಆ ಮಾತಿಗೆ ಎಷ್ಟು ಬೆಲೆ ಬಂತು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ನಾತ್ಸಿಗಳಿಗೆ ಆಗ ಯಹೂದಿಗಳು ದೇಶ ಬಿಟ್ಟು ತೊಲಗುವುದೇ ಬೇಕಿತ್ತು, ಹಾಗಾಗಿ ಅನುಮತಿ ಕೊಡುವುದು ಅವರಿಗೇನೂ ನಷ್ಟವಾಗಿರಲಿಲ್ಲ ಎಂಬ ಮಾತೂ ಇದೆ. ಒಂದು ಊಟದ ನೆನಪಿಗೆ ಗೆಸ್ಟಪೊ ಕರಗಿತು ಎಂದು ಕಥೆ ಕಟ್ಟಲು ನನಗೂ ಇಷ್ಟವಿಲ್ಲ.

ಅದಕ್ಕಿಂತ ಗಟ್ಟಿಯಾದ ಕೆಲಸ ಅದೇ ವಾರಗಳಲ್ಲಿ ಲಂಡನ್ನಿನ ಒಂದು ಕಚೇರಿಯಲ್ಲಿ ನಡೆಯುತ್ತಿತ್ತು. ಬರ್ತಾ ಬ್ರೇಸಿ ಎಂಬ ಮಹಿಳೆ 1933ರಿಂದಲೇ ಕ್ವೇಕರರ ಜರ್ಮನಿ ಸಮಿತಿಯ ಕಡತ ಹಿಡಿದು ಕೂತಿದ್ದರು. ಬ್ರಿಟನ್ನಿನ ಯಹೂದಿ ಮುಖಂಡರು ಬರ್ಲಿನ್ನಿಗೆ ಹೋಗುವುದು ಅಪಾಯವಾಗಿದ್ದರಿಂದ, ಕೆಲವು ಕ್ವೇಕರರು ಅವರ ಬದಲು ಹೋಗಿ ಪರಿಸ್ಥಿತಿ ನೋಡಿ ಬಂದರು. ಮಕ್ಕಳನ್ನಾದರೂ ಕಳಿಸುತ್ತೇವೆ ಎಂದು ತಂದೆತಾಯಿಗಳು ಹೇಳಿದ್ದನ್ನು ವರದಿ ಮಾಡಿದರು. ನವೆಂಬರ್ 21ರಂದು ಯಹೂದಿ ಮತ್ತು ಕ್ವೇಕರ್ ಪ್ರತಿನಿಧಿಗಳು ಗೃಹಮಂತ್ರಿ ಸ್ಯಾಮ್ಯುಯೆಲ್ ಹೋರ್ ಅವರನ್ನು ಕಂಡರು. ಹೋರ್ ಕ್ವೇಕರ್ ಮನೆತನದ ಮೂಲದವರು ಎಂಬುದು ಕಾಕತಾಳೀಯ. ಡಿಸೆಂಬರ್ 2ಕ್ಕೆ ಮೊದಲ ಮಕ್ಕಳ ಗುಂಪು ಹಾರ್ವಿಚ್ ಬಂದರಿನಲ್ಲಿ ಇಳಿಯಿತು. ಮುಂದಿನ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಗಿ ದಾರಿ ಮುಚ್ಚುವವರೆಗೆ ಸುಮಾರು ಹತ್ತು ಸಾವಿರ ಮಕ್ಕಳು ಹೀಗೆ ಬಂದರು. ಬಂದವರು ಮಕ್ಕಳು ಮಾತ್ರ. ಅಪ್ಪ ಅಮ್ಮಂದಿರಿಗೆ ವೀಸಾ ಇರಲಿಲ್ಲ. ಅವರಲ್ಲಿ ಬಹಳ ಜನರನ್ನು ಆ ಮಕ್ಕಳು ಮತ್ತೆ ನೋಡಲಿಲ್ಲ.

ಜೈಲಿನಿಂದ ಬಂದ ಕ್ಯಾಚ್‌ಪೂಲ್ ಏನಾದರು? ಅವರು ನೇರ ಜರ್ಮನಿಗೆ ಹೋಗಿ ಪರಿಹಾರ ಕಾರ್ಯಕ್ಕೆ ಸೇರಿದರು. 1931ರಿಂದ ಬರ್ಲಿನ್ನಿನ ಕ್ವೇಕರ್ ಕೇಂದ್ರ ನೋಡಿಕೊಂಡರು, 1933ರಲ್ಲಿ ಗೆಸ್ಟಪೊ ಕೈಗೆ ಸಿಕ್ಕಿ ಬಿಡುಗಡೆಯಾದರು.

ಯುದ್ಧದ ಬಿಸಿ ಭಾರತಕ್ಕೂ ತಟ್ಟಿತು. ಜಪಾನೀಯರು ಬರ್ಮಾ ಹಿಡಿದು ಕಲ್ಕತ್ತೆಯ ಹೊಸ್ತಿಲಿಗೆ ಬಂದಾಗ, 1942ರಲ್ಲಿ, ಹೊರೇಸ್ ಅಲೆಕ್ಸಾಂಡರ್ ನೇತೃತ್ವದಲ್ಲಿ ಕ್ವೇಕರ್ ಆಂಬುಲೆನ್ಸ್ ತಂಡವೊಂದು ಬಂಗಾಳಕ್ಕೆ ಬಂತು. ಹೊರೇಸ್ ಗಾಂಧೀಜಿಗೆ ಹಳೆಯ ಗೆಳೆಯರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಕಲಿಸುತ್ತಿದ್ದ ವುಡ್‌ಬ್ರೂಕ್‌ನಲ್ಲಿ ಉಳಿದಿದ್ದರು. ಬಾಂಬ್ ದಾಳಿಯಾದರೆ ಗಾಯಾಳುಗಳನ್ನು ನೋಡಿಕೊಳ್ಳುವುದು ತಂಡದ ಮೂಲ ಕೆಲಸ. ಆದರೆ ಅಕ್ಟೋಬರ್ 16ರಂದು ಮಿಡ್ನಾಪುರದ ಕರಾವಳಿಗೆ ಚಂಡಮಾರುತ ಬಡಿದು ಸಾವಿರಾರು ಜನ ಸತ್ತರು. ಆ ಜಿಲ್ಲೆ ಕ್ವಿಟ್ ಇಂಡಿಯಾ ಚಳವಳಿಯ ಕೆಂಡ. ಪೊಲೀಸ್ ಠಾಣೆಗಳು ಉರಿದಿದ್ದವು, ಸರ್ಕಾರಕ್ಕೆ ಆ ಜನರ ಮೇಲೆ ಸಿಟ್ಟು. ಚಂಡಮಾರುತದ ಸುದ್ದಿಗೇ ಸೆನ್ಸಾರ್ ಬಿತ್ತು, ಪರಿಣಾಮವಾಗಿ ಪರಿಹಾರವೂ ತಡವಾಯಿತು. ಬಂಡಾಯಗಾರರ ಹಸಿವು ಹಸಿವೇ ಅಲ್ಲವೇ ಎಂಬ ಹಳೆಯ ಪ್ರಶ್ನೆ ಈ ಸಲ ಬ್ರಿಟಿಷರದೇ ಆಡಳಿತದೊಳಗೆ ಎದ್ದಿತು. ಅಲ್ಲಿಗೆ ಹೋದವರಲ್ಲಿ ಈ ಬ್ರಿಟಿಷ್ ಹುಡುಗರೂ ಇದ್ದರು. ಬೆನ್ನಿಗೇ 1943ರ ಬರ. 20ರಿಂದ 30 ಲಕ್ಷ ಜನರನ್ನು ನುಂಗಿದ ಆ ಬರದಲ್ಲಿ ತಂಡ ಮಕ್ಕಳಿಗೆ ಹಾಲು ಹಂಚುವ ಕೇಂದ್ರಗಳನ್ನು ನಡೆಸಿತು. ಬರದ ಅಗಾಧತೆಯ ಮುಂದೆ ಅದು ಬೊಗಸೆಯಷ್ಟು.

1947ರ ಆಗಸ್ಟ್ 15ರಂದು ಗಾಂಧೀಜಿ ದೆಹಲಿಯ ಸಂಭ್ರಮ ಬಿಟ್ಟು ಕಲ್ಕತ್ತೆಯ ಬೇಲೆಘಾಟದ ಹೈದರಿ ಮಂಜಿಲ್‌ನಲ್ಲಿ ಉಪವಾಸ, ಪ್ರಾರ್ಥನೆ, ಚರಕದಲ್ಲಿ ದಿನ ಕಳೆದಾಗ ಹೊರೇಸ್ ಅವರ ಜೊತೆಯಲ್ಲೇ ಇದ್ದರು. ಎರಡು ವಾರಕ್ಕೆ ಮತ್ತೆ ಗಲಭೆ ಎದ್ದಿತು. ಸೆಪ್ಟೆಂಬರ್ 1ರಂದು ಗಾಂಧೀಜಿ ಉಪವಾಸ ಕೂತರು. 4ರಂದು ಎಲ್ಲ ಸಮುದಾಯಗಳ ಮುಖಂಡರು ಬಂದು ಕೈಮುಗಿದಾಗ ಅವರು ಬಾಯಿಮಾತನ್ನು ಒಪ್ಪಲಿಲ್ಲ. ಇನ್ನು ಗಲಭೆಯಾದರೆ ನಾವು ಪ್ರಾಣ ಕೊಟ್ಟಾದರೂ ತಡೆಯುತ್ತೇವೆ ಎಂದು ಬರೆದು ಸಹಿ ಮಾಡಿ ಎಂದರು. ಬರೆದುಕೊಟ್ಟ ಮೇಲೆಯೇ ಹಣ್ಣಿನ ರಸ ಮುಟ್ಟಿದ್ದು. ನಡಾವಳಿ ಬರೆಯುವ ಕ್ವೇಕರರಿಗೆ ಇದು ತೀರಾ ಪರಿಚಿತ ಕ್ರಮ ಅನ್ನಿಸಿರಬೇಕು. ಬಂಗಾಳದಲ್ಲಿ ದುಡಿದಿದ್ದ ರಿಚರ್ಡ್ ಸೈಮಂಡ್ಸ್ ಅದೇ ವರ್ಷ ಪಂಜಾಬಿನ ನಿರಾಶ್ರಿತರ ನಡುವೆ ಕೆಲಸ ಮಾಡುತ್ತ ಟೈಫಾಯ್ಡ್ ಹಿಡಿದು ಮಲಗಿದಾಗ, ದೆಹಲಿಯ ಬಿರ್ಲಾ ಭವನಕ್ಕೆ ಕರೆಸಿಕೊಂಡು ಆರೈಕೆ ನೋಡಿಕೊಂಡವರು ಗಾಂಧೀಜಿ.

ಆ ಡಿಸೆಂಬರ್‌ನಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬ್ರಿಟನ್ ಮತ್ತು ಅಮೆರಿಕದ ಎರಡು ಕ್ವೇಕರ್ ಸಮಿತಿಗಳಿಗೆ ಒಟ್ಟಿಗೆ ಬಂತು. ಅಮೆರಿಕದ ಸಮಿತಿಯ ಪರವಾಗಿ ಓಸ್ಲೊಗೆ ಹೊರಟ ಹೆನ್ರಿ ಕ್ಯಾಡ್ಬರಿ ಅವರಲ್ಲಿ ಸಮಾರಂಭಕ್ಕೆ ಬೇಕಾದ ಉದ್ದ ಬಾಲದ ಕರಿ ಕೋಟು ಇರಲಿಲ್ಲ. ಬುಡಾಪೆಸ್ಟಿನ ವಾದ್ಯವೃಂದದವರಿಗೆ ಕಳಿಸಲು ಸಮಿತಿಯ ಗೋದಾಮಿನಲ್ಲಿ ಕೂಡಿಟ್ಟಿದ್ದ ಹಳೆಯ ಬಟ್ಟೆಗಳ ರಾಶಿಯಲ್ಲಿ ಒಂದನ್ನು ಆರಿಸಿ ತೊಟ್ಟುಕೊಂಡು ಹೋದರು. ಪ್ರಶಸ್ತಿಯ ಹಣ ಅಮೆರಿಕ–ಸೋವಿಯತ್ ಸಂಬಂಧ ಸುಧಾರಿಸುವ ಪ್ರಯತ್ನಗಳಿಗೆ ಹೋಯಿತು. ಶೀತಲ ಸಮರ ಕಾವೇರುತ್ತಿದ್ದ ಕಾಲದಲ್ಲಿ ಇದೂ ಜನಪ್ರಿಯ ಕೆಲಸವಲ್ಲ.

ಮರುವರ್ಷದ ಕೊನೆಗೆ ವಿಶ್ವಸಂಸ್ಥೆ ಅಮೆರಿಕದ ಸಮಿತಿಗೆ ಇನ್ನೊಂದು ಜವಾಬ್ದಾರಿ ಕೊಟ್ಟಿತು: ಗಾಜಾ. 1948ರ ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಸುಮಾರು ಎರಡು ಲಕ್ಷ ಪ್ಯಾಲೆಸ್ತೀನಿಯರು ಆ ಪಟ್ಟಿಗೆ ಬಂದು ಬಿದ್ದಿದ್ದರು. ಮೊದಲಿನಿಂದ ಅಲ್ಲಿದ್ದವರು ಸುಮಾರು 80 ಸಾವಿರ. ಅವರೂ ಹೊಲ ಮಾರುಕಟ್ಟೆ ಕಳೆದುಕೊಂಡು ಹಸಿದಿದ್ದರು. ಆದರೆ ಸ್ವಂತ ಮನೆಯಲ್ಲೇ ಇದ್ದುದರಿಂದ ಕಾಗದದ ಪ್ರಕಾರ ನಿರಾಶ್ರಿತರಲ್ಲ, ಪಡಿತರಕ್ಕೆ ಅರ್ಹರಲ್ಲ. ಡೇರೆ, ಹಿಟ್ಟು, ಹಾಲು, ಔಷಧಿ, ಡೇರೆಯೊಳಗೆ ಮಕ್ಕಳಿಗೆ ಪಾಠ. ಪಟ್ಟಿಯಲ್ಲಿ ಸತ್ತವರ ಹೆಸರು ತೆಗೆಯುವುದು, ಹುಟ್ಟಿದವರ ಹೆಸರು ಸೇರಿಸುವುದು. ಎರಡೂ ಕಡೆ ಕೆಲಸ ಮಾಡುತ್ತೇವೆ ಎಂದು ಪಟ್ಟು ಹಿಡಿದು ಇಸ್ರೇಲಿನ ಆಕ್ರೆ ಪ್ರದೇಶದಲ್ಲೂ ನೆರವು ನಡೆಸಿದರು.

ತಿಂಗಳುಗಳು ಕಳೆದಂತೆ ಅವರಿಗೆ ಒಂದು ಅಳುಕು ಶುರುವಾಯಿತು. ಜನ ಕೇಳುತ್ತಿದ್ದುದು ಹಿಟ್ಟನ್ನಲ್ಲ, ಊರಿಗೆ ಹೋಗುವ ದಾರಿಯನ್ನು. ಅದನ್ನು ಕೊಡಬೇಕಾದ ಸರ್ಕಾರಗಳು, ಹೇಗೂ ಹೊಟ್ಟೆಗೆ ಬೀಳುತ್ತಿದೆಯಲ್ಲ ಎಂದು ಮಾತುಕತೆಯನ್ನು ಮುಂದೂಡುತ್ತಿದ್ದವು. ರಾಜಕೀಯ ಪರಿಹಾರವಿಲ್ಲದೆ ವರ್ಷಗಟ್ಟಲೆ ಪಡಿತರ ಹಂಚುತ್ತ ಹೋದರೆ ನಾವು ಈ ಸ್ಥಿತಿಯನ್ನೇ ಕಾಯಂ ಮಾಡಿದಂತಾಗುತ್ತದೆ ಎಂದು ಸಮಿತಿ ವಿಶ್ವಸಂಸ್ಥೆಗೆ ಹೇಳಿತು, ಮುಂದುವರಿಯಲು ಒಪ್ಪಲಿಲ್ಲ. 1950ರ ಏಪ್ರಿಲ್ ಕೊನೆಗೆ ಗಾಜಾದ ಹೊಣೆಯನ್ನು ಬಿಟ್ಟುಕೊಟ್ಟಿತು. ಹೀಗೆ ಬಿಡುವುದು ಸರಿಯೇ ಎಂಬ ಬಗ್ಗೆ ಅಲ್ಲಿದ್ದವರಿಗೆ ಸುಲಭದ ಉತ್ತರ ಇದ್ದಿರಲಾರದು. ಎದುರಿಗೆ ಪಾತ್ರೆ ಹಿಡಿದ ಮಕ್ಕಳು ನಿಂತಿರುವಾಗ ಅಂಥ ಉತ್ತರ ಯಾರಲ್ಲಿದ್ದೀತು? ಮೇ 1ರಿಂದ ಕೆಲಸ ವಿಶ್ವಸಂಸ್ಥೆಯ ಹೊಸ ಸಂಸ್ಥೆಗೆ ಹೋಯಿತು. ತಾತ್ಕಾಲಿಕ ಎಂದು ಶುರುವಾದ ಆ ಸಂಸ್ಥೆಗೆ ಈಗ ಎಪ್ಪತ್ತೈದು ವರ್ಷ ದಾಟಿದೆ. ಆ ಡೇರೆಗಳಿದ್ದ ಜಾಗದಲ್ಲಿ ಎದ್ದ ಜಬಾಲಿಯಾ, ಖಾನ್ ಯೂನಿಸ್, ರಫಾ ಶಿಬಿರಗಳ ಹೆಸರನ್ನು ನಾವು ಈಗಲೂ ಯುದ್ಧದ ಸುದ್ದಿಯಲ್ಲೇ ಓದುತ್ತಿದ್ದೇವೆ.